ಸರಾಸರಿಗೆ ಸಿಗದ ಹರವು

ಸಂಖ್ಯಾಶಾಸ್ತ್ರದ ಯಾವ ಪ್ರಾರಂಭಿಕ ಪುಸ್ತಕ ತೆರೆದರೂ ಮೊದಲ ಅಧ್ಯಾಯ ಹೆಚ್ಚುಕಡಿಮೆ ಒಂದೇ. ಅಂಕಿಗಳನ್ನು ವರ್ಗಾಂತರಗಳಾಗಿ ವಿಂಗಡಿಸಿ ಆವೃತ್ತಿ ಪಟ್ಟಿ ಮಾಡಬೇಕು, ಹಿಸ್ಟೋಗ್ರಾಂ ಬರೆಯಬೇಕು, ಸರಾಸರಿ, ಮಧ್ಯಾಂಕ, ಬಹುಲಕ ಕಂಡುಹಿಡಿಯಬೇಕು, ಓಜೀವ್ ಎಳೆಯಬೇಕು. ಹತ್ತನೇ ತರಗತಿಯ ಗಣಿತ ಓದಿದವರಿಗೆಲ್ಲ ಇದು ಪರಿಚಿತ. ಪರೀಕ್ಷೆಯಲ್ಲಿ ಅಂಕ ಖಾತ್ರಿ ಇರುವ, ತಲೆ ಕೆಡಿಸಿಕೊಳ್ಳಬೇಕಿಲ್ಲದ ಭಾಗ ಎಂದೇ ಇದಕ್ಕೆ ಹೆಸರು; ನಿಜವಾದ ವಿದ್ಯೆ ಮುಂದಿನ ಅಧ್ಯಾಯಗಳಲ್ಲಿದೆ ಎಂದು ಎಲ್ಲರೂ ಬೇಗ ಪುಟ ತಿರುವುತ್ತಾರೆ. ಚರಿತ್ರೆಯಲ್ಲಿ ಮಾತ್ರ ಈ ಅನುಕ್ರಮ ತಲೆಕೆಳಗಾಗಿದೆ. ಗಂಟೆಯ ಆಕಾರದ ವಕ್ರರೇಖೆಯ ಗಣಿತವನ್ನು ಡಿ ಮುವಾವ್ರ್ 1733ರಲ್ಲೇ ಬರೆದಿಟ್ಟಿದ್ದರು. ಕನಿಷ್ಠ ವರ್ಗಗಳ ವಿಧಾನವನ್ನು ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದರು. ಮಧ್ಯಾಂಕಕ್ಕೆ ಫ್ರಾನ್ಸಿನ ಕೂರ್ನೋ 1843ರಲ್ಲಿ ಹೆಸರಿಟ್ಟರೂ ಅದು ಬಳಕೆಯ ಸಲಕರಣೆಯಾದದ್ದು 1880ರ ದಶಕದಲ್ಲಿ. ಹಿಸ್ಟೋಗ್ರಾಂ ಎಂಬ ಹೆಸರು ಹುಟ್ಟಿದ್ದು 1890ರ ದಶಕದಲ್ಲಿ, ಬಾಕ್ಸ್ ಪ್ಲಾಟ್ ಬಂದದ್ದು 1970ರ ದಶಕದಲ್ಲಿ. ಕಷ್ಟದ ಗಣಿತ ಮೊದಲು ಬಂತು, ಮಕ್ಕಳೂ ಬರೆಯಬಲ್ಲ ಚಿತ್ರ ಕೊನೆಗೆ ಬಂತು. ಇದಕ್ಕೆ ಕಾರಣ ಕೈಚಳಕದ ಕೊರತೆಯಲ್ಲ ಎಂಬುದು ನನ್ನ ವಾದ. ಜನ ಒಬ್ಬರಿಗಿಂತ ಒಬ್ಬರು ಬೇರೆಯಾಗಿರುವುದನ್ನು ಬಹಳ ಕಾಲ ಯಾರೂ ನೋಡತಕ್ಕ ಸಂಗತಿಯೆಂದು ಎಣಿಸಲಿಲ್ಲ. ಆ ವ್ಯತ್ಯಾಸವನ್ನು ಕಳೆದು ಎಸೆಯಬೇಕಾದ ತಪ್ಪೆಂದು ತಿಳಿದಿರುವವರೆಗೂ ಅದರ ಚಿತ್ರ ಬರೆಯುವ ಅಗತ್ಯ ಕಾಣಲಿಲ್ಲ.

ಚಿತ್ರ ಬರೆಯುವ ತಂತ್ರವೇ ಆಗ ಬೆಳೆದಿರಲಿಲ್ಲ, ತಾಮ್ರದ ಫಲಕದಲ್ಲಿ ಕೊರೆದು ಅಚ್ಚು ಹಾಕುವುದು ದುಬಾರಿಯಾಗಿತ್ತು, ಹಾಗಾಗಿ ತಡವಾಯಿತು ಎಂದು ಯಾರಾದರೂ ಹೇಳಬಹುದು. ಈ ಆಕ್ಷೇಪಕ್ಕೆ ವಿಲಿಯಂ ಪ್ಲೇಫೇರ್ ಅವರೇ ಉತ್ತರ. 1786ರಲ್ಲಿ ಲಂಡನ್ನಿನಲ್ಲಿ ಅವರು ಹೊರತಂದ ವಾಣಿಜ್ಯ ಅಟ್ಲಾಸಿನಲ್ಲಿ ನಲವತ್ತಕ್ಕೂ ಹೆಚ್ಚು ಬಣ್ಣದ ನಕ್ಷೆಗಳಿದ್ದವು. ಇಂಗ್ಲೆಂಡಿನ ಆಮದು ರಫ್ತು ವರ್ಷದಿಂದ ವರ್ಷಕ್ಕೆ ಏರಿದ್ದು ಇಳಿದದ್ದು ಇಂದಿನ ಪತ್ರಿಕೆಯಲ್ಲಿ ಕಾಣುವಷ್ಟೇ ನಿಚ್ಚಳವಾಗಿ ಅಲ್ಲಿದೆ. ಸ್ಕಾಟ್ಲೆಂಡಿನ ವ್ಯಾಪಾರಕ್ಕೆ ಸ್ತಂಭಗಳ ನಕ್ಷೆಯೂ ಇದೆ. ಗೆರೆ, ಸ್ತಂಭ, ಅಳತೆಯ ಚೌಕಟ್ಟು ಎಲ್ಲವೂ ಕೈಯಲ್ಲಿದ್ದವು. ಆದರೆ ಆ ಗೆರೆಗಳು ಕಾಲದ ಕಥೆ ಹೇಳುತ್ತಿದ್ದವು, ದೇಶ ದೇಶಗಳನ್ನು ಹೋಲಿಸುತ್ತಿದ್ದವು. ಒಂದೇ ಊರಿನ ಸಾವಿರ ಜನರಲ್ಲಿ ಎಷ್ಟು ಮಂದಿ ಎಷ್ಟು ಎತ್ತರ, ಎಷ್ಟು ಮಂದಿಗೆ ಎಷ್ಟು ಆದಾಯ ಎಂಬುದನ್ನು ಅದೇ ಚೌಕಟ್ಟಿನಲ್ಲಿ ಬರೆಯಬಹುದಿತ್ತು. ಪ್ಲೇಫೇರ್ ಆ ಪ್ರಶ್ನೆಯನ್ನೇ ಕೇಳಲಿಲ್ಲ.

ಇನ್ನೂ ಬಲವಾದ ಸಾಕ್ಷಿ ಅದಕ್ಕೂ ನೂರು ವರ್ಷ ಹಿಂದಿನದು. ಲಂಡನ್ನಿನ ವ್ಯಾಪಾರಿ ಜಾನ್ ಗ್ರಾಂಟ್ 1662ರಲ್ಲಿ ನಗರದ ಮರಣಪಟ್ಟಿಗಳನ್ನು ಆಧರಿಸಿ ಒಂದು ಪುಟ್ಟ ಕೋಷ್ಟಕ ಮಾಡಿದರು. ಹುಟ್ಟಿದ ನೂರು ಮಕ್ಕಳಲ್ಲಿ ಆರು ವರ್ಷಕ್ಕೆ ಉಳಿಯುವವರು 64, ಹದಿನಾರಕ್ಕೆ 40, ಇಪ್ಪತ್ತಾರಕ್ಕೆ 25, ಹೀಗೆ ಇಳಿಯುತ್ತ ಎಪ್ಪತ್ತಾರಕ್ಕೆ ಒಬ್ಬರು. ಏಳು ವರ್ಷಗಳ ನಂತರ, 1669ರಲ್ಲಿ, ಲೋಡೆವೇಕ್ ಹೈಗನ್ಸ್ ಈ ಕೋಷ್ಟಕದಿಂದ ಸರಾಸರಿ ಆಯುಷ್ಯ ಲೆಕ್ಕ ಹಾಕಿ ಹದಿನೆಂಟು ವರ್ಷ ಎರಡು ತಿಂಗಳು ಎಂದು ತಮ್ಮ ಅಣ್ಣ ಕ್ರಿಸ್ಟಿಯಾನ್ ಹೈಗನ್ಸರಿಗೆ ಕಾಗದ ಬರೆದರು. ಶನಿಗ್ರಹದ ಬಳೆಯನ್ನು ವಿವರಿಸಿದ, ಲೋಲಕದ ಗಡಿಯಾರ ಕಟ್ಟಿದ ಅದೇ ಹೈಗನ್ಸ್. ಅಣ್ಣ ಅಂಕಿಗಳನ್ನು ಚಿತ್ರಕ್ಕೆ ಇಳಿಸಿದರು: ಅಡ್ಡಕ್ಕೆ ವಯಸ್ಸು, ಉದ್ದಕ್ಕೆ ಉಳಿದವರ ಸಂಖ್ಯೆ, ನಡುವೆ ಇಳಿಯುವ ವಕ್ರರೇಖೆ. ಉಳಿದವರು ಐವತ್ತಕ್ಕೆ ಇಳಿಯುವುದು ಸುಮಾರು ಹನ್ನೊಂದನೇ ವರ್ಷದಲ್ಲಿ ಎಂಬುದು ಆ ಗೆರೆಯಲ್ಲಿ ಕಂಡಿತು. ಅಂದರೆ ಸರಾಸರಿ ಹದಿನೆಂಟು ಆದರೂ ಹುಟ್ಟಿದವರಲ್ಲಿ ಅರ್ಧದಷ್ಟು ಮಂದಿ ಹನ್ನೊಂದು ಹನ್ನೆರಡರ ಹೊತ್ತಿಗೆ ತೀರಿಕೊಂಡಿರುತ್ತಿದ್ದರು. ಎರಡೂ ಸರಿಯಾದ ಲೆಕ್ಕಗಳು ಎಂದು ಹೈಗನ್ಸ್ ಅರ್ಥಮಾಡಿಕೊಂಡಿದ್ದರು: ಜೀವಮಾನದ ವರ್ಷಾಶನಕ್ಕೆ ಬೆಲೆ ಕಟ್ಟುವವನಿಗೆ ಸರಾಸರಿ ಬೇಕು, ಒಂದು ಮಗು ಇಷ್ಟು ವರ್ಷ ಬದುಕೀತೆ ಎಂದು ಪಣ ಕಟ್ಟುವವನಿಗೆ ಮಧ್ಯಾಂಕ ಬೇಕು. ಇಂದಿನ ಮೊದಲ ಅಧ್ಯಾಯದ ತಿರುಳೇ ಅದು, ಮುನ್ನೂರೈವತ್ತು ವರ್ಷಗಳ ಹಿಂದೆ, ಬರೀ ಮಸಿ ಕಾಗದದಲ್ಲಿ. ಆದರೂ ಆ ಚಿತ್ರ ಅಣ್ಣತಮ್ಮಂದಿರ ಪತ್ರಗಳಲ್ಲೇ ಉಳಿಯಿತು. ಅಚ್ಚಿಗೆ ಬಂದದ್ದು 1895ರಲ್ಲಿ. ಗೊತ್ತಿದ್ದ ತಂತ್ರವೊಂದು ಇನ್ನೂರು ವರ್ಷ ಬೇರು ಬಿಡದೆ ಉಳಿದಿದ್ದರೆ, ಅದನ್ನು ಬೇಕೆನ್ನುವ ಪ್ರಶ್ನೆ ಸಮಾಜದಲ್ಲಿ ಇರಲಿಲ್ಲ ಎಂದೇ ತಿಳಿಯಬೇಕು.

ಆ ಕಾಲದಲ್ಲಿ ಅಂಕಿಗಳ ಹರವಿನ ಬಗ್ಗೆ ಯೋಚಿಸುತ್ತಿದ್ದವರು ಮುಖ್ಯವಾಗಿ ಖಗೋಳವಿಜ್ಞಾನಿಗಳು. ಒಂದೇ ನಕ್ಷತ್ರವನ್ನು ಹತ್ತು ಸಲ ಅಳೆದರೆ ಹತ್ತು ಉತ್ತರ ಬರುತ್ತಿತ್ತು. ನಕ್ಷತ್ರ ಇರುವುದು ಒಂದೇ ಕಡೆ, ಹಾಗಾಗಿ ಹತ್ತರ ನಡುವಿನ ವ್ಯತ್ಯಾಸ ಕಣ್ಣಿನದ್ದೋ ಉಪಕರಣದ್ದೋ ತಪ್ಪು. ಸರಾಸರಿ ತೆಗೆದರೆ ತಪ್ಪುಗಳು ಒಂದನ್ನೊಂದು ಹೊಡೆದುಹಾಕಿ ನಿಜ ಉಳಿಯುತ್ತದೆ. ಆಕಾಶದ ಮಟ್ಟಿಗೆ ಇದು ನ್ಯಾಯವಾದ ಯೋಚನೆ. ಬ್ರಸೆಲ್ಸಿನ ಖಗೋಳವಿಜ್ಞಾನಿ ಅಡಾಲ್ಫ್ ಕ್ವೆಟಲೆ ಇದನ್ನು ಹಾಗೆಯೇ ಮನುಷ್ಯರಿಗೆ ತಂದರು. 1835ರ ತಮ್ಮ ಪುಸ್ತಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಮುಂದಿಟ್ಟರು, 1846ರಲ್ಲಿ 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯ ಪಟ್ಟಿಯನ್ನು ಚರ್ಚಿಸಿದರು. ಹೆಚ್ಚಿನವರು ನಲವತ್ತು ಇಂಚಿನ ಆಸುಪಾಸು, ಎರಡೂ ಬದಿಗೆ ಸಮನಾಗಿ ಇಳಿಯುತ್ತಿದ್ದ ಸಂಖ್ಯೆಗಳು, ಖಗೋಳದ ತಪ್ಪುಗಳಂತೆಯೇ ಗಂಟೆಯ ಆಕಾರ. ಒಂದೇ ಪ್ರತಿಮೆಯನ್ನು ಅಷ್ಟು ಸಲ ಅಳೆದರೂ ಇಂಥದೇ ಪಟ್ಟಿ ಸಿಗುತ್ತಿತ್ತು ಎಂದು ಅವರು ವಾದಿಸಿದರು. ಪ್ರಕೃತಿಯ ಮನಸ್ಸಿನಲ್ಲಿ ಒಬ್ಬ ಆದರ್ಶ ಸೈನಿಕನಿದ್ದಾನೆ, 5,738 ಮಂದಿ ಅವನ ಸೊಟ್ಟಪಟ್ಟ ಪ್ರತಿಗಳು ಎಂಬುದು ಇದರ ಇಂಗಿತ. ಹರವು ಕಣ್ಣೆದುರೇ ಇತ್ತು. ಅದನ್ನು ದಾಟಿ ನಡುವಿನ ಬಿಂದುವಿಗೆ ಹೋಗುವ ಆತುರವೂ ಇತ್ತು.

ಆದರೂ ಕ್ವೆಟಲೆಯವರ ಕೈಯಲ್ಲೇ ಒಂದು ಪಟ್ಟಿ ಆ ಆತುರಕ್ಕೆ ತಡೆಯೊಡ್ಡಿತು, ಮತ್ತು ಅದನ್ನು ಗಮನಿಸಿದ ಶ್ರೇಯಸ್ಸು ಅವರದೇ. ಫ್ರಾನ್ಸಿನಲ್ಲಿ ಕಡ್ಡಾಯ ಸೇನಾ ಭರ್ತಿಗೆ ಬಂದ ಒಂದು ಲಕ್ಷ ಯುವಕರ ಎತ್ತರದ ಅಂಕಿ ಅದು. 1.57 ಮೀಟರಿಗಿಂತ ಗಿಡ್ಡನೆಯವರಿಗೆ ಸೇನೆಯಿಂದ ವಿನಾಯಿತಿ. ಉಳಿದ ಅಳತೆಗಳಲ್ಲೆಲ್ಲ ಗಂಟೆಯ ಆಕಾರಕ್ಕೆ ಚೆನ್ನಾಗಿಯೇ ಹೊಂದುತ್ತಿದ್ದ ಪಟ್ಟಿ ಆ ಗೆರೆಯ ಬಳಿ ಮುರಿಯುತ್ತಿತ್ತು: ಗೆರೆಯ ಕೆಳಗೆ ಇರಬೇಕಾದದ್ದಕ್ಕಿಂತ ಎರಡು ಸಾವಿರಕ್ಕೂ ಹೆಚ್ಚು ಮಂದಿ ಜಾಸ್ತಿ, ಗೆರೆಯ ಸ್ವಲ್ಪ ಮೇಲೆ ಹೆಚ್ಚುಕಡಿಮೆ ಅಷ್ಟೇ ಮಂದಿ ಕಡಿಮೆ. ಹೇಗೋ ವಂಚಿಸಿ ಹುಡುಗರು ಗಿಡ್ಡರಾಗಿದ್ದರು ಎಂದು ಕ್ವೆಟಲೆ ತೀರ್ಮಾನಿಸಿದರು. ಆ ಲಕ್ಷ ಮಂದಿಯ ಸರಾಸರಿ ಎತ್ತರವನ್ನು ಎಷ್ಟು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕಿದ್ದರೂ ಈ ಸುದ್ದಿ ಅದರಲ್ಲಿ ಸಿಗುತ್ತಿರಲಿಲ್ಲ. ಯುದ್ಧಕ್ಕೆ ಹೋಗಲೊಲ್ಲದ ಎರಡು ಸಾವಿರ ಯುವಕರ ಇಚ್ಛೆ ಹರವಿನ ಒಂದು ಮೂಲೆಯಲ್ಲಿ ಮಾತ್ರ ದಾಖಲಾಗಿತ್ತು.

ದೃಷ್ಟಿ ನಿಜಕ್ಕೂ ತಿರುಗಿದ್ದು ಫ್ರಾನ್ಸಿಸ್ ಗಾಲ್ಟನ್ ಅವರಿಂದ. ಕ್ವೆಟಲೆ ನಡುವಿನವನನ್ನು ಮೆಚ್ಚಿದರೆ ಗಾಲ್ಟನ್ ಅವರಿಗೆ ಕುತೂಹಲವಿದ್ದದ್ದು ಅಂಚಿನವರ ಬಗ್ಗೆ. ಜನ ಬೇರೆ ಬೇರೆಯಾಗಿರುವುದೇ ಅವರ ಅಧ್ಯಯನದ ವಸ್ತು, ಹಾಗಾಗಿ ಅದನ್ನು ತೋರಿಸುವ ಸಲಕರಣೆಗಳು ಒಂದಾದಮೇಲೊಂದು ಅವರಿಂದ ಬಂದವು. ಜನರನ್ನು ಎತ್ತರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ತಲೆಗಳ ಮೇಲಿನ ಗೆರೆ ಒಂದು ಬಾಗಿದ ಆಕಾರ ಪಡೆಯುತ್ತದೆ. ಅದನ್ನೇ ಅವರು 1875ರಲ್ಲಿ ಓಜೀವ್ ಎಂದು ಕರೆದರು. ಸಾಲಿನ ನಡುವಿನವನನ್ನು, ಕಾಲುಭಾಗ ಮುಕ್ಕಾಲುಭಾಗದಲ್ಲಿ ನಿಂತವರನ್ನು ಅಳೆದರೆ ಸಾಕು, ಇಡೀ ಗುಂಪಿನ ಹದವೂ ಹರವೂ ತಿಳಿಯುತ್ತದೆ. ಕೂಡುವ, ಭಾಗಿಸುವ ಕೆಲಸವೇ ಇಲ್ಲ. ಮಧ್ಯಾಂಕ, ಚತುರ್ಥಕ, ಶತಾಂಶಗಳನ್ನು 1880ರ ದಶಕದಲ್ಲಿ ಅವರು ಬಳಕೆಗೆ ತಂದರು. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಅಳತೆಯ ಮಳಿಗೆಯನ್ನೇ ತೆರೆದರು. ಮೂರು ಪೆನ್ನಿ ಕೊಟ್ಟು 9,337 ಮಂದಿ ಒಳಹೊಕ್ಕು ತಮ್ಮ ಎತ್ತರ, ತೂಕ, ಉಸಿರಿನ ಬಲ, ಕಣ್ಣಿನ ಚುರುಕು ಅಳೆಸಿಕೊಂಡರು. ಇಷ್ಟು ಜನರಲ್ಲಿ ನಾನೆಲ್ಲಿ ನಿಲ್ಲುತ್ತೇನೆ ಎಂದು ಸಾಮಾನ್ಯ ಮನುಷ್ಯ ಕೇಳಬಹುದಾದ ಪ್ರಶ್ನೆಗೆ ಸರಾಸರಿಯೊಂದರಿಂದಲೇ ಉತ್ತರ ಸಿಗುವುದಿಲ್ಲ, ಸಾಲು ಬೇಕು.

ಇಲ್ಲಿ ಸರಾಸರಿಯ ಪರವಾಗಿ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದನ್ನು ಖಳನಾಯಕನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. 1907ರಲ್ಲಿ ಗಾಲ್ಟನ್ ಪ್ಲಿಮತ್ ಊರಿನ ಜಾತ್ರೆಯಲ್ಲಿ ಒಂದು ಎತ್ತಿನ ತೂಕ ಊಹಿಸುವ ಸ್ಪರ್ಧೆಯ 787 ಚೀಟಿಗಳನ್ನು ಪಡೆದು ಪರಿಶೀಲಿಸಿದರು. ಜನಾಭಿಪ್ರಾಯಕ್ಕೆ ಮಧ್ಯಾಂಕವೇ ನ್ಯಾಯವಾದ ಅಳತೆ, ಏಕೆಂದರೆ ಒಬ್ಬ ಹುಚ್ಚುಚ್ಚಾಗಿ ಬರೆದ ಅಂಕಿ ಎಲ್ಲರ ತೀರ್ಪನ್ನು ಎಳೆದಾಡಬಾರದು ಎಂಬುದು ಅವರ ನಿಲುವು. ಚೀಟಿಗಳ ಮಧ್ಯಾಂಕ 1,207 ಪೌಂಡು. ಕಡಿದು ಸಿದ್ಧಮಾಡಿದ ಎತ್ತಿನ ನಿಜ ತೂಕ 1,198. ಸರಾಸರಿ ಎಷ್ಟು ಎಂದು ಓದುಗರೊಬ್ಬರು ಕೇಳಿದಾಗ ಲೆಕ್ಕ ಹಾಕಿ 1,197 ಎಂದು ಅವರೇ ತಿಳಿಸಿದರು. ಅಂದು ಗೆದ್ದದ್ದು ಸರಾಸರಿ. ಅದಕ್ಕೆ ಇನ್ನೊಂದು ಗುಣವೂ ಇದೆ: ಸರಾಸರಿಯನ್ನು ತಲೆಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ಮೊತ್ತ ಸಿಗುತ್ತದೆ. ಪಡಿತರಕ್ಕೆ ಎಷ್ಟು ಅಕ್ಕಿ ತರಿಸಬೇಕು, ಊರಿಗೆ ಎಷ್ಟು ನೀರು ಹರಿಸಬೇಕು ಎಂದು ಲೆಕ್ಕ ಹಾಕುವ ಸರ್ಕಾರಕ್ಕೆ ಮಧ್ಯಾಂಕದಿಂದ ಕೆಲಸ ನಡೆಯದು. ಆದರೆ ಆ ಅಕ್ಕಿ ಯಾರಿಗೆ ಸಾಲುತ್ತದೆ, ಯಾರಿಗೆ ಸಾಲುವುದಿಲ್ಲ ಎಂಬ ಪ್ರಶ್ನೆ ಎದ್ದ ಕೂಡಲೇ ಸರಾಸರಿಯ ಅಧಿಕಾರ ಮುಗಿಯುತ್ತದೆ.

ಹಿಸ್ಟೋಗ್ರಾಂ ಹೆಸರು ಪಡೆದ ಕಾಲದಲ್ಲೇ ಇಂಥದೇ ಒಂದು ಪ್ರಶ್ನೆ ಎದ್ದಿತು, ಅದೂ ಏಡಿಗಳ ಸಂಗದಲ್ಲಿ. ಪ್ರಾಣಿವಿಜ್ಞಾನಿ ವೆಲ್ಡನ್ ನೇಪಲ್ಸಿನ ಕಡಲಿನಿಂದ ಒಂದು ಸಾವಿರ ಹೆಣ್ಣು ಏಡಿಗಳನ್ನು ತಂದು ಅಂಗ ಅಂಗವನ್ನೂ ಅಳೆದರು. ಉಳಿದ ಅಳತೆಗಳು ಗಂಟೆಯ ಆಕಾರಕ್ಕೆ ಒಗ್ಗಿದವು. ಹಣೆಯ ಅಗಲ ಮಾತ್ರ ಒಗ್ಗಲಿಲ್ಲ, ಒಂದು ಬದಿಗೆ ವಾಲಿತ್ತು. ಹಳೆಯ ರೂಢಿಯಂತೆ ಇದನ್ನು ಅಳತೆಯ ದೋಷವೆಂದು ಬದಿಗಿಡಬಹುದಿತ್ತು. 1894ರಲ್ಲಿ ಕಾರ್ಲ್ ಪಿಯರ್ಸನ್ ಆ ವಾಲಿದ ಆಕಾರವನ್ನೇ ಸಾಕ್ಷಿಯಾಗಿ ಹಿಡಿದರು, ಒಂಬತ್ತನೇ ಘಾತದ ಸಮೀಕರಣವನ್ನು ಕೈಯಲ್ಲೇ ಬಿಡಿಸಿದರು, ಇಲ್ಲಿ ಎರಡು ಗುಂಪುಗಳು ಬೆರೆತಿವೆ ಎಂದು ತೀರ್ಮಾನಿಸಿದರು. ಎರಡು ಗುಂಪುಗಳ ನಡುವೆ ಬೀಳುವ ಸರಾಸರಿ ಎರಡರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಮಾನಕ ವಿಚಲನೆ ಎಂಬ ಹೆಸರನ್ನು ಕೊಟ್ಟವರೂ ಪಿಯರ್ಸನ್. 1890ರ ದಶಕದ ಆರಂಭದ ಉಪನ್ಯಾಸಗಳಲ್ಲಿ ಬಳಸಿದ ಹಿಸ್ಟೋಗ್ರಾಂ ಎಂಬ ಹೆಸರನ್ನು 1895ರಲ್ಲಿ ಅಚ್ಚಿಗೆ ತಂದರು. ಹೈಗನ್ಸರ ವಕ್ರರೇಖೆ ಹೊರಬಂದ ವರ್ಷವೂ ಅದೇ.

ಇದೇ ಹಂತದಲ್ಲಿ ಅತ್ಯಂತ ಗಂಭೀರ ಆಕ್ಷೇಪ ಎದುರಾಗುತ್ತದೆ. ಮನುಷ್ಯರ ಹರವನ್ನು ಮೊದಲು ಚೆನ್ನಾಗಿ ಕಂಡವರೇ ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸಲು ಹೊರಟವರು. ಸುಪ್ರಜನನವಾದಕ್ಕೆ 1883ರಲ್ಲಿ ಹೆಸರಿಟ್ಟವರು ಗಾಲ್ಟನ್. ಪಿಯರ್ಸನ್ ಅದರ ಕಟ್ಟಾ ಪ್ರಚಾರಕರು. ಹಾಗಿದ್ದಮೇಲೆ ವ್ಯತ್ಯಾಸವನ್ನು ನೋಡುವ ವಿದ್ಯೆಯನ್ನು ಹೊಗಳುವುದು ಹೇಗೆ? ಇದನ್ನು ಮುಚ್ಚಿಟ್ಟು ಮುಂದೆ ಹೋಗುವುದು ಸಾಧ್ಯವಿಲ್ಲ, ಸರಿಯೂ ಅಲ್ಲ. ಹರವಿನ ಚಿತ್ರ ತಾನಾಗಿ ಯಾರನ್ನೂ ನ್ಯಾಯವಂತರನ್ನಾಗಿ ಮಾಡುವುದಿಲ್ಲ. ಆದರೆ ಮೇಲು ಕೀಳಿನ ಪಟ್ಟಿ ಕಟ್ಟಲು ಕೊನೆಗೂ ಬೇಕಾದದ್ದು ಸರಾಸರಿಯೇ, ಮತ್ತು ಅಂಥ ಪಟ್ಟಿಯ ವಿರುದ್ಧ ನಿಲ್ಲುವ ಸಾಕ್ಷಿ ಹರವಿನಲ್ಲಿದೆ. ಇದಕ್ಕೆ ಭಾರತಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. ಬಂಗಾಳದ ಐಸಿಎಸ್ ಅಧಿಕಾರಿ ಹರ್ಬರ್ಟ್ ರಿಸ್ಲಿ ಉತ್ತರ ಭಾರತದ ಸುಮಾರು ಆರು ಸಾವಿರ ಜನರ ತಲೆ ಮೂಗುಗಳನ್ನು ಅಳೆಸಿ 1891ರಲ್ಲಿ ಸಂಪುಟಗಳನ್ನು ಪ್ರಕಟಿಸಿದರು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದ ಸೂಚ್ಯಂಕ, ಜಾತಿಗೊಂದು ಸರಾಸರಿ, ಸರಾಸರಿಯ ಏರಿಕೆಯ ಕ್ರಮದಲ್ಲಿ ಜಾತಿಗಳು. ಮೂಗು ಅಗಲವಾದಷ್ಟೂ ಸಾಮಾಜಿಕ ಸ್ಥಾನ ಕೆಳಗೆ ಎಂಬುದು ಅವರು ಕಂಡ ನಿಯಮ. 1901ರ ಜನಗಣತಿಯ ಮುಖ್ಯಸ್ಥರಾಗಿ ಅವರು ಜಾತಿಗಳನ್ನು ಸಾಮಾಜಿಕ ಶ್ರೇಣಿಯಲ್ಲಿ ಜೋಡಿಸುವ ಕೆಲಸಕ್ಕೂ ಕೈಹಾಕಿದರು. ದಕ್ಷಿಣದಲ್ಲಿ ಮದ್ರಾಸ್ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಇದೇ ಬಗೆಯ ಅಳತೆಯಲ್ಲಿ ತೊಡಗಿದ್ದರು. 1909ರಲ್ಲಿ ಬಂದ ಅವರ ಏಳು ಸಂಪುಟಗಳಲ್ಲಿ ಕನ್ನಡ ನಾಡಿನ ಸಮುದಾಯಗಳೂ ಇವೆ.

ರಿಸ್ಲಿಯವರ ನಿಯಮದ ದೌರ್ಬಲ್ಯ ಸರಾಸರಿಗಳ ಪಟ್ಟಿಯಲ್ಲಿ ಕಾಣುವುದಿಲ್ಲ, ಏಕೆಂದರೆ ಪಟ್ಟಿಯಲ್ಲಿ ಪ್ರತಿ ಜಾತಿಗೂ ಒಂದೇ ಅಂಕಿ, ಎರಡು ಅಂಕಿಗಳಲ್ಲಿ ಒಂದು ದೊಡ್ಡದು ಒಂದು ಚಿಕ್ಕದು ಇದ್ದೇ ಇರುತ್ತದೆ. ಅದೇ ಅಳತೆಗಳನ್ನು ಜಾತಿಗೊಂದು ಹಿಸ್ಟೋಗ್ರಾಂ ಆಗಿ ಒಂದರ ಮೇಲೊಂದು ಇಟ್ಟರೆ ಅವು ಒಂದನ್ನೊಂದು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತವೆ: ‘ಮೇಲಿನ’ ಪಟ್ಟಿಯ ಎಷ್ಟೋ ಮಂದಿಯ ಮೂಗು ‘ಕೆಳಗಿನ’ ಪಟ್ಟಿಯ ಎಷ್ಟೋ ಮಂದಿಯ ಮೂಗಿಗಿಂತ ಅಗಲ. ಸಮಾಜಶಾಸ್ತ್ರಜ್ಞ ಜಿ. ಎಸ್. ಘುರ್ಯೆ 1932ರ ತಮ್ಮ ಪುಸ್ತಕದಲ್ಲಿ ಈ ದತ್ತಾಂಶವನ್ನು ಮತ್ತೆ ಪರಿಶೀಲಿಸಿ, ಸಂಯುಕ್ತ ಪ್ರಾಂತ್ಯದ (ಹೆಚ್ಚುಕಡಿಮೆ ಇಂದಿನ ಉತ್ತರ ಪ್ರದೇಶ) ಹೊರಗೆ ಮೂಗಿಗೂ ಜಾತಿಯ ಸ್ಥಾನಕ್ಕೂ ರಿಸ್ಲಿ ಹೇಳಿದ ಹೊಂದಿಕೆ ನಿಲ್ಲುವುದಿಲ್ಲ ಎಂದರು. ಮರುವರ್ಷ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ತಮ್ಮ ಹೊಸ ಪತ್ರಿಕೆ ‘ಸಂಖ್ಯಾ’ದ ಮೊದಲ ಸಂಪುಟದಲ್ಲೇ ರಿಸ್ಲಿಯವರ ಬಂಗಾಳದ ಅಂಕಿಗಳನ್ನು ಪರಿಷ್ಕರಿಸಿ ಪ್ರಕಟಿಸಿದರು. ಮಹಲನೋಬಿಸ್ ಈ ದಾರಿಗೆ ಬಂದದ್ದೇ ಅಳತೆಗಳ ಮೂಲಕ. ಕಲ್ಕತ್ತೆಯ 200 ಆಂಗ್ಲೋ-ಇಂಡಿಯನ್ ಗಂಡಸರ ಎತ್ತರದ ಹರವನ್ನು ಕುರಿತ 1922ರ ಪ್ರಬಂಧ ಈ ಕ್ಷೇತ್ರದಲ್ಲಿ ಅವರ ಮೊದಲ ಕೆಲಸ. 1936ರಲ್ಲಿ ಅವರು ಕೊಟ್ಟ ‘ದೂರ’ದ ಸೂತ್ರದಲ್ಲಿ ಎರಡು ಗುಂಪುಗಳ ಸರಾಸರಿಗಳ ಅಂತರವನ್ನು ಗುಂಪಿನೊಳಗಿನ ಹರವಿನಿಂದ ತೂಗಲಾಗುತ್ತದೆ. ಹರವು ದೊಡ್ಡದಿದ್ದರೆ ಅದೇ ಅಂತರ ಚಿಕ್ಕದಾಗುತ್ತದೆ. ರಿಸ್ಲಿಯವರ ಪಟ್ಟಿ ಮರೆತದ್ದನ್ನು ಈ ಸೂತ್ರ ಮರೆಯಲು ಬಿಡುವುದಿಲ್ಲ. ಇದನ್ನು ಮುಂದೆ ಬೆಳೆಸಿದವರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಪ್ರಮುಖರು. ಮಹಲನೋಬಿಸ್, ಡಿ. ಎನ್. ಮಜುಂದಾರ್ ಅವರೊಡನೆ ಸೇರಿ ಅವರು 1949ರಲ್ಲಿ ಪ್ರಕಟಿಸಿದ ಸಂಯುಕ್ತ ಪ್ರಾಂತ್ಯದ ಅಳತೆಗಳ ಅಧ್ಯಯನ ಈ ಸೂತ್ರವನ್ನೇ ಆಧರಿಸಿತ್ತು. ಜನಾಂಗಗಳನ್ನು ಅಳೆದು ಗುಂಪು ಕಟ್ಟುವ ಹಂಬಲ ಆ ತಲೆಮಾರಿನವರನ್ನೂ ಬಿಟ್ಟಿರಲಿಲ್ಲ, ನಿಜ. ಆದರೆ ಮೂಗಿನ ಸರಾಸರಿಯೊಂದನ್ನು ಹಿಡಿದು ಶ್ರೇಣಿ ಕಟ್ಟುವುದು ಆಮೇಲೆ ಲೆಕ್ಕ ಬಲ್ಲವರಿಗೆ ಸಾಧ್ಯವಾಗದ ಮಾತಾಯಿತು.

ಚಿತ್ರವೂ ಸುಳ್ಳು ಹೇಳಬಲ್ಲದು ಎಂಬ ಆಕ್ಷೇಪ ಉಳಿದಿದೆ. ವರ್ಗಾಂತರದ ಅಗಲವನ್ನು ಬದಲಿಸಿದರೆ ಹಿಸ್ಟೋಗ್ರಾಂ ಮುಖ ಬದಲಿಸುತ್ತದೆ, ಎರಡು ದಿಬ್ಬಗಳು ಒಂದಾಗಬಹುದು. ಭಾರತದ ಜನಗಣತಿಯ ವಯಸ್ಸಿನ ಅಂಕಿಗಳನ್ನು ಐದೈದು ವರ್ಷದ ಗುಂಪುಗಳಲ್ಲಿ ಬರೆದರೆ ಚಿತ್ರ ಸುಮಾರಾಗಿ ನುಣುಪಾಗಿ ಇಳಿಯುತ್ತದೆ. ಒಂದೊಂದೇ ವರ್ಷಕ್ಕೆ ಬಿಡಿಸಿ ಬರೆದರೆ 30, 35, 40, 45ರಲ್ಲಿ ಸ್ತಂಭಗಳು ಒಮ್ಮೆಗೇ ಏಳುತ್ತವೆ, ಅಕ್ಕಪಕ್ಕದ ವಯಸ್ಸುಗಳು ತಗ್ಗುತ್ತವೆ. ಹುಟ್ಟಿದ ದಿನ ಬರೆದಿಟ್ಟುಕೊಳ್ಳದ ಜನ ಸುಮಾರು ನಲವತ್ತು ಎನ್ನುತ್ತಾರೆ, ಗಣತಿಗೆ ಬಂದವರು ನಲವತ್ತು ಎಂದೇ ಬರೆದುಕೊಳ್ಳುತ್ತಾರೆ. ಯಾವ ಅಗಲ ಸರಿ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಮಕ್ಕಳ ಶಾಲೆಗೆ ಕೊಠಡಿ ಕಟ್ಟುವವರಿಗೆ ಐದರ ಗುಂಪು ಸಾಕು, ದಾಖಲೆ ಎಷ್ಟು ನಂಬಬಹುದು ಎಂದು ಕೇಳುವವರಿಗೆ ಒಂದರ ಗುಂಪು ಬೇಕು. ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಅದಕ್ಕೆ ಮದ್ದು ಇನ್ನೊಂದು ಚಿತ್ರ ಬರೆಯುವುದು. ಜಾನ್ ಟ್ಯೂಕಿ 1977ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದೂ ಇದನ್ನೇ. ಗಾಲ್ಟನ್ ಅವರ ಸಾಲಿನಿಂದ ಮಧ್ಯಾಂಕವನ್ನೂ ಎರಡು ಚತುರ್ಥಕಗಳನ್ನೂ ತೆಗೆದು ಅವರು ಕಟ್ಟಿದ ಬಾಕ್ಸ್ ಪ್ಲಾಟ್ ಪೆನ್ಸಿಲಿನಲ್ಲಿ ಬೇಗ ಬರೆದು, ಅಳಿಸಿ, ಮತ್ತೆ ಬರೆಯಲೆಂದೇ ಆದದ್ದು. ಪೆಟ್ಟಿಗೆಯ ಅಂಚಿನಿಂದ ಅದರ ಉದ್ದದ ಒಂದೂವರೆ ಪಟ್ಟಿಗಿಂತ ಆಚೆ ಬಿದ್ದವರನ್ನು ಅದು ಒಬ್ಬೊಬ್ಬರನ್ನಾಗಿ ಚುಕ್ಕಿಯಿಟ್ಟು ತೋರಿಸುತ್ತದೆ.

ಅದೇ ಸಾಲಿನಿಂದ ಹುಟ್ಟಿದ ಇನ್ನೊಂದು ಚಿತ್ರ ಟ್ಯೂಕಿಯವರ ಪುಸ್ತಕಕ್ಕಿಂತ ಮುಂಚೆಯೇ ಕಲ್ಕತ್ತೆಯಲ್ಲಿ ತಯಾರಾಗಿತ್ತು. ನಮ್ಮ ಪಠ್ಯಪುಸ್ತಕಗಳು ಅದನ್ನು ಮರೆತಿರುವುದು ನನಗೆ ದುಃಖದ ವಿಷಯ. 1950ರಲ್ಲಿ ಆರಂಭವಾದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮನೆಖರ್ಚಿನ ಅಂಕಿಗಳು ಕೈಸೇರಿದಾಗ, ಹಳ್ಳಿಗರ ಬದುಕು ಬದಲಾಗಿದೆಯೇ ಎಂಬುದಕ್ಕೆ ಸರಾಸರಿ ಖರ್ಚೊಂದನ್ನೇ ಉತ್ತರವಾಗಿ ಕೊಡಲು ಮಹಲನೋಬಿಸ್ ಒಪ್ಪಲಿಲ್ಲ. 1960ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ ಮನೆಗಳನ್ನು ತಲಾ ಖರ್ಚಿನ ಏರಿಕೆಯ ಕ್ರಮದಲ್ಲಿ ಜೋಡಿಸಿ, ಸಮಸಂಖ್ಯೆಯ ಗುಂಪುಗಳಾಗಿ ಕತ್ತರಿಸಿ, ತೀರಾ ಬಡವರ ಗುಂಪಿನಿಂದ ತೀರಾ ಉಳ್ಳವರ ಗುಂಪಿನವರೆಗೆ ಒಂದು ಗೆರೆ ಎಳೆಯಲಾಗುತ್ತದೆ. ಒಂದೇ ಕಾಲದ ಸಮೀಕ್ಷೆಯನ್ನು ಎರಡು ಸ್ವತಂತ್ರ ಮಾದರಿಗಳಲ್ಲಿ ನಡೆಸಿದ್ದರಿಂದ ಗೆರೆಗಳೂ ಎರಡು, ಅವುಗಳ ನಡುವೆ ಉಳಿಯುವ ಜಾಗವೇ ಸಮೀಕ್ಷೆಯ ತಪ್ಪಿನ ಅಳತೆ. ಬೇರೆ ಬೇರೆ ವರ್ಷಗಳ ಗೆರೆಗಳ ನಡುವಿನ ಜಾಗ ಇದಕ್ಕಿಂತ ದೊಡ್ಡದಿದ್ದರೆ ಮಾತ್ರ ಬದುಕು ಬದಲಾಯಿತು ಎನ್ನಬಹುದು. ಬದಲಾದದ್ದು ಸಾಲಿನ ತಳದಲ್ಲೋ, ನಡುವಿನಲ್ಲೋ, ತುದಿಯಲ್ಲೋ ಎಂಬುದನ್ನು ಅದೇ ಹಾಳೆಯಲ್ಲಿ ಬೆರಳಿಟ್ಟು ತೋರಿಸಬಹುದು.